ಹೊಲಸು ಕೊಟ್ಟರು, ಪಾನಾ ಕೊಡಲಿಲ್ಲ



ನನ್ನ ಹಳೇ ಡೀಸೆಲ್ ಗಾಡಿಯ ಇಂಜಿನ್ ಆಯಿಲ್ ಮತ್ತು ಫಿಲ್ಟರ್ ನಾನೇ ಬದಲಿ ಮಾಡ್ಕೊಂತೀನಿ. ಇಂಡಿಯಂಥ ಊರಿನಲ್ಲಿ ಇದು ಸುದ್ದಿ ಆಗಬಾರದು, ಆದರೂ ಆಗಿದೆ. ಮೂರು ಕಡೆಯಿಂದ ಮೂರು ಮಾತು ಬಂದವು.

ಮೊದಲನೇದು ನಮ್ಮವರದೇ: "ಅಣ್ಣಾ, ಬಿ.ಎ. ಓದಿ, ಆಫೀಸಿನ್ಯಾಗ ಖುರ್ಚಿ ಮ್ಯಾಲೆ ಕುಂತಾವ, ಮತ್ತ ಗಾಡಿ ಬುಡಕ ಮಕ್ಕೊಂಡು ಕೈ ಕರ್ರಗ ಮಾಡ್ಕೊಳ್ಳೂದಾ? ಬಾಬಾಸಾಹೇಬ್ರು ಸೂಟು ತೊಟ್ಟಿದ್ದು ಇದಕ್ಕೇನು?" ಎರಡನೇದು ಮೇಲಿನ ಓಣಿಯವರದು, ನಗತಾ ಅಂದಿದ್ದು: "ಬಿಡ್ರಿ, ನಿಮ್ಮ ಮಂದಿಗೆ ಇಂಥಾ ಕೆಲಸ ರೂಢಿನೇ ಐತಿ." ಮೂರನೇದು ಪ್ರಗತಿಪರ ಗೆಳೆಯರದು: "ಗ್ಯಾರೇಜಿನ ಬಡ ಹುಡುಗರ ಹೊಟ್ಟಿ ಮ್ಯಾಲೆ ಯಾಕ ಹೊಡೀತೀರಿ?"

ಮೂರಕ್ಕೂ ಉತ್ತರ ಕೊಡಬೇಕು. ಮೊದಲು "ರೂಢಿ ಐತಿ" ಅಂದವರಿಗೆ.

ಇಲ್ರೀ ಸಾಹೇಬ್ರ, ನಮಗೆ ಈ ಕೆಲಸ ರೂಢಿ ಇಲ್ಲ. ನಮಗೆ ರೂಢಿ ಮಾಡಿಸಿದ್ದು ಸತ್ತ ದನ ಎಳೆಯುವುದು, ಗಟಾರ ಬಳಿಯುವುದು, ಬಿಟ್ಟಿ ಚಾಕರಿ. ಪಾನಾ ನಮ್ಮ ಕೈಗೆ ಯಾರೂ ಕೊಟ್ಟಿರಲಿಲ್ಲ. ಹೊಲಸು ಕೆಲಸಕ್ಕೂ ಹುನ್ನರಿನ ಕೆಲಸಕ್ಕೂ ನಡುವೆ ಜಾತಿ ಒಂದು ಗೋಡೆ ಕಟ್ಟಿತ್ತು. ಹೊಲಸು ಈ ಕಡೆ, ಹುನ್ನರು ಮತ್ತು ಅದರ ಪಗಾರ ಆ ಕಡೆ.

ಇದು ಹಳ್ಳಿಯ ಕಥೆ ಮಾತ್ರ ಅಲ್ಲ. ನಮ್ಮ ಭಾಗದ ಮಂದಿ ದುಡಿಯಲು ಹೋದ ಮುಂಬಯಿಯ ಬಟ್ಟೆ ಗಿರಣಿಗಳನ್ನೇ ನೋಡ್ರಿ. ಅಲ್ಲಿ ನೇಯುವ ಖಾತೆಗೆ ಹೆಚ್ಚು ಪಗಾರ ಇತ್ತು. ಅದರೊಳಗೆ ಅಸ್ಪೃಶ್ಯರಿಗೆ ಪ್ರವೇಶ ಇರಲಿಲ್ಲ. ಕಾರಣ ಏನಂದರೆ, ಲಾಳಿಯ ಕಂಡಿಕೆ ಬದಲಿಸುವಾಗ ನೂಲನ್ನು ಬಾಯಿಂದ ಎಳೆಯಬೇಕು, ನಮ್ಮವರ ಎಂಜಲು ತಾಗಿದ ಲಾಳಿಯನ್ನು ಇನ್ನೊಬ್ಬ ಬಾಯಿಗೆ ಇಡುವುದು ಹೆಂಗ? 1928ರ ಗಿರಣಿ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಕಾರ್ಮಿಕ ನಾಯಕರ ಮುಂದೆ ಈ ಪ್ರಶ್ನೆಯನ್ನೇ ಇಟ್ಟರು. 1938ರ ಫೆಬ್ರುವರಿಯಲ್ಲಿ ಮನಮಾಡದಲ್ಲಿ ಜಿ.ಐ.ಪಿ. ರೈಲ್ವೆಯ ದಲಿತ ನೌಕರರ ಸಮಾವೇಶ ನಡೆಯಿತು. ಸೊಲ್ಲಾಪುರದ ಮೇಲೆ ಹಾಯ್ದು ಹೋಗುವ ನಮ್ಮ ಪಕ್ಕದ ಲೈನು ಅದೇ ಜಿ.ಐ.ಪಿ.ದು. ನಮ್ಮ ಮಂದಿ ಗ್ಯಾಂಗ್‌ಮನ್ ಆಗಿ ಹಳಿಯ ಮೇಲೇ ಉಳಿದಿದ್ದಾರೆ, ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗುವ ದಾರಿ ಅವರಿಗೆ ಮುಚ್ಚಿದೆ ಎಂಬ ಸಂಕಟವನ್ನು ಬಾಬಾಸಾಹೇಬರು ಅಲ್ಲಿ ಬಿಚ್ಚಿ ಹೇಳಿದರು. ಬ್ರಾಹ್ಮಣ್ಯ ಮತ್ತು ಬಂಡವಾಳಶಾಹಿ ಎರಡೂ ದುಡಿಯುವವರ ವೈರಿಗಳು ಅಂತ ಹೇಳಿದ್ದೂ ಅದೇ ಸಮಾವೇಶದಲ್ಲಿ.

ಅದಕ್ಕೇ, "ಸೂಟು ತೊಟ್ಟಿದ್ದು ಇದಕ್ಕೇನು" ಅನ್ನುವ ನನ್ನ ತಮ್ಮಂದಿರೇ, ಸ್ವಲ್ಪ ಕೇಳ್ರಿ. ಕೈ ಕರ್ರಗ ಆಗುವುದು ಅವಮಾನ ಅಲ್ಲ. ಒಲ್ಲೆ ಅನ್ನುವ ಹಕ್ಕಿಲ್ಲದೆ, ಕೂಲಿ ಇಲ್ಲದೆ, ಹುಟ್ಟಿದ ಜಾತಿಗಾಗಿ ಕೈ ಕರ್ರಗ ಮಾಡಿಸುವುದು ಅವಮಾನ. 1927ರಲ್ಲಿ ಮಹಾಡದಲ್ಲಿ ನಮ್ಮವರು ಸತ್ತ ದನದ ಕೆಲಸ ಬಿಡುವ ಮಾತಾಡಿದ್ದು ಕೆಲಸಕ್ಕೆ ಹೇಸಿ ಅಲ್ಲ, ಹೇರಿಕೆಗೆ ಹೇಸಿ. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರ ವಾದವೂ ಇದೇ: ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ದುಡಿಯುವವರನ್ನೇ ಮೇಲೆ-ಕೆಳಗೆ ಅಂತ ಕಡಿದು ಹಂಚುತ್ತದೆ. ಆ ಸೂಟು ತೊಟ್ಟ ಮನುಷ್ಯ 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಕಾರ್ಖಾನೆಯ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಿದ 1946ರ ತಿದ್ದುಪಡಿ ಅವರ ಕಾಲದ್ದು. ದುಡಿಯುವ ಕೈಯನ್ನು ಕಂಡು ಮೂಗು ಮುರಿಯುವುದನ್ನು ಅವರಿಂದ ನಾವು ಕಲಿತಿಲ್ಲ. ಅದನ್ನು ಕಲಿತಿದ್ದು ಯಾರಿಂದ ಅಂತ ನೀವೇ ಎದೆ ಮುಟ್ಟಿ ನೋಡ್ಕೊಳ್ರಿ.

ಇಲ್ಲಿಂದ ಬಸವನ ಬಾಗೇವಾಡಿ ದೂರ ಇಲ್ಲ. 2024ರಿಂದ ಬಸವಣ್ಣ ಸರಕಾರದ ಸಾಂಸ್ಕೃತಿಕ ನಾಯಕ, ಫೋಟೊ ನಮ್ಮ ಆಫೀಸುಗಳಲ್ಲೂ ಇದೆ. ಕಾಯಕದ ಬಗ್ಗೆ ಭಾಷಣಕ್ಕೆ ಬರಗಾಲ ಇಲ್ಲ. ಆದರೆ ಮಾದಾರ ಚೆನ್ನಯ್ಯ, ಡೋಹಾರ ಕಕ್ಕಯ್ಯ, ಹರಳಯ್ಯನ ಜೊತೆ ಕೂತ ಚಳವಳಿಯ ಹೆಸರು ಹೇಳುವವರು ತಮ್ಮ ಗಾಡಿಯ ಬಾನೆಟ್ಟು ಎತ್ತಿದ್ದನ್ನು ಮಾತ್ರ ನಾನು ಕಂಡಿಲ್ಲ. ಕಾಯಕ ಅಂದರೆ ಇವರ ಡಿಕ್ಷನರಿಯಲ್ಲಿ ಇನ್ನೊಬ್ಬರು ಮಾಡುವ ಕೆಲಸ.

ಈಗ ವಿಷಯದ ಬುಡಕ್ಕೆ ಬರೋಣ. ಆಯಿಲ್ ಬದಲಿ ಮಾಡುವುದನ್ನು ನಮ್ಮ ಹುಡುಗರು ಯಾಕೆ ಕಲಿಯಬೇಕು? ನನ್ನ ಶೋಕಿಗಲ್ಲ, ಅವರ ಹೊಟ್ಟೆಗೆ. ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮದ ಐರಾವತ, ಆಮೇಲೆ ಬಂದ ಸ್ವಾವಲಂಬಿ ಸಾರಥಿ, ಇಂಥ ಯೋಜನೆಗಳಲ್ಲಿ ಸಬ್ಸಿಡಿ ತಗೊಂಡು ಟ್ಯಾಕ್ಸಿ, ಗೂಡ್ಸ್ ಗಾಡಿ ಇಳಿಸಿದ ನಮ್ಮ ಹುಡುಗರು ಇದ್ದಾರೆ. ಸಬ್ಸಿಡಿ ಒಂದು ಪಾಲು, ಉಳಿದದ್ದು ಸಾಲ. ಕಂತು ಕಟ್ಟಲು ರೊಕ್ಕ ಕಡಿಮೆ ಬಿದ್ದಾಗ ಮೊದಲು ಮುಂದೂಡುವುದು ಸರ್ವಿಸ್. "ಇನ್ನೊಂದು ಎರಡು ಸಾವಿರ ಕಿಲೋಮೀಟರ್ ಓಡ್ಲಿ ಬಿಡು." ಡೀಸೆಲ್ ಇಂಜಿನ್ನಿನಲ್ಲಿ ಮಸಿ ಆಯಿಲಿಗೆ ಸೇರುತ್ತಲೇ ಇರುತ್ತದೆ. ಆಯಿಲ್ ದಪ್ಪಾಗುತ್ತದೆ, ಫಿಲ್ಟರ್ ಕಟ್ಟುತ್ತದೆ, ಸಣ್ಣ ಸಣ್ಣ ದಾರಿಗಳಲ್ಲಿ ಆಯಿಲ್ ಹೋಗುವುದಿಲ್ಲ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೊ ಬರೀ ಆ ಆಯಿಲಿನ ತೆಳು ಪದರದ ಮೇಲೆ ನಿಂತಿರುತ್ತದೆ. ಆಯಿಲ್ ತಪ್ಪಿತು, ಟರ್ಬೊ ಹೋಯಿತು. ಟರ್ಬೊ ಹೋದರೆ ಗಾಡಿ ನಿಂತಿತು. ಗಾಡಿ ನಿಂತರೂ ಕಂತು ನಿಲ್ಲುವುದಿಲ್ಲ. ಎರಡು ಸಾವಿರ ರೂಪಾಯಿಯ ಕೆಲಸ ಮುಂದೂಡಿದ್ದಕ್ಕೆ ಬಾಗಿಲಿಗೆ ಸೀಜಿಂಗ್‌ನವರು ಬರುತ್ತಾರೆ.

ಎರಡು ಸಾವಿರ ಅಂದೆ. ನನ್ನದು 1248 ಸಿಸಿ ಇಂಜಿನ್ನಿನ ಹಳೇ ಸ್ವಿಫ್ಟ್ ಡೀಸೆಲ್. ಮೂರು ಲೀಟರ್ ಆಸುಪಾಸು ಆಯಿಲ್ ಹಿಡಿಯುತ್ತದೆ. ಕಳೆದ ಸಲ ಆಯಿಲ್, ಫಿಲ್ಟರ್, ವಾಷರ್ ಸೇರಿ ನನಗೆ ಬಿದ್ದದ್ದು 2,150 ರೂಪಾಯಿ. ಅದಕ್ಕೂ ಹಿಂದಿನ ವರ್ಷ ಒಂದು ವರ್ಕ್‌ಶಾಪಿಗೆ "ಆಯಿಲ್, ಫಿಲ್ಟರ್ ಅಷ್ಟೇ ಸಾಕು" ಅಂತ ಕೊಟ್ಟಿದ್ದೆ, 6,840 ರೂಪಾಯಿ ಬಿಲ್ಲು ಬಂತು. ಬಿಲ್ಲು ಓದುವುದು ನನ್ನ ದಿನದ ಕಸುಬು. ಇಂಜಿನ್ ಫ್ಲಶ್, ಡೀಸೆಲ್‌ಗೆ ಹಾಕುವ ಔಷಧ, ಎ.ಸಿ. ವಾಸನೆ ತೆಗೆಯುವ ಸ್ಪ್ರೇ, ಹೀಗೆ ನಾನು ಕೇಳದ ಐದು ಐಟಂ. ಹೊಸ ವಾಷರ್‌ಗೂ ರೇಟು ಹಾಕಿದ್ದರು. ಮುಂದಿನ ಸಲ ನಾನೇ ಬೋಲ್ಟ್ ಬಿಚ್ಚಿದಾಗ ಅಲ್ಲಿದ್ದದ್ದು ಚಪ್ಪಟೆ ಆದ ಹಳೇ ವಾಷರ್. ಅಕ್ಷರ ಗೊತ್ತಿಲ್ಲದವನನ್ನು ಸಾಹುಕಾರ ಲೆಕ್ಕದ ಪುಸ್ತಕದಲ್ಲಿ ಮುಳುಗಿಸಿದ ಹಾಗೆ, ಪಾನಾ ಗೊತ್ತಿಲ್ಲದವನನ್ನು ಬಿಲ್ಲಿನಲ್ಲಿ ಮುಳುಗಿಸುತ್ತಾರೆ.

ಇನ್ನೊಂದು ಆಟ ಇದೆ. ಗೇಜ್ ಕಡ್ಡಿ ಎಳೆದು, ಬೆರಳಿಗೆ ಕರೀ ಆಯಿಲ್ ಹಚ್ಚಿ, "ನೋಡ್ರಿ, ಪೂರಾ ಹೋಗೇತಿ" ಅಂತ ಹೆದರಿಸುವುದು. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಕೂಡ ಸ್ವಲ್ಪ ಓಡಿದ ಕೂಡಲೇ ಕರ್ರಗ ಆಗುತ್ತದೆ. ಬಣ್ಣ ನೋಡಿ ಆಯಿಲ್ ಅಳೆಯಬಾರದು, ಕಿಲೋಮೀಟರ್ ಮತ್ತು ತಿಂಗಳು ನೋಡಿ ಅಳೆಯಬೇಕು. ಬಣ್ಣ ನೋಡಿ ಅಳೆಯುವ ಚಟ ಈ ದೇಶಕ್ಕೆ ಹಳೇದು, ಇರಲಿ.

ಕೆಲಸ ಇಷ್ಟೇ. ಮೊದಲು ಗಾಡಿಯ ಪುಸ್ತಕ ಓದ್ರಿ. ಯಾವ ಗ್ರೇಡ್, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಅಂತ ಅದರಲ್ಲಿರುತ್ತದೆ. 2020ರ ಏಪ್ರಿಲ್ 1ರ ನಂತರದ ಬಿ.ಎಸ್.6 ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದಕ್ಕೆ ಬೂದಿ ಕಡಿಮೆ ಇರುವ ಬೇರೆ ಆಯಿಲ್ ಬೇಕು, ಅಗ್ಗದ್ದು ಸುರಿದರೆ ಆ ಫಿಲ್ಟರ್ ಕೆಡುತ್ತದೆ. ವಾರಂಟಿ ಇರುವ ಗಾಡಿ ಆದರೆ ಅದರ ಷರತ್ತು ಓದಿಯೇ ಕೈ ಹಾಕ್ರಿ.

ಗಾಡಿ ಸಮ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಡ್ರಿ. ಬರೀ ಜ್ಯಾಕ್ ಮೇಲೆ ನಿಂತ ಗಾಡಿ ಬುಡಕ ಯಾವತ್ತೂ ಹೋಗಬ್ಯಾಡ್ರಿ. ಜ್ಯಾಕ್ ಜಾರಿದರೆ ಜೀವ ಹೋಗತದ. ಗಟ್ಟಿ ಸ್ಟ್ಯಾಂಡ್ ಅಥವಾ ರ‍್ಯಾಂಪ್ ಬೇಕೇ ಬೇಕು. ಇಂಜಿನ್ ಸ್ವಲ್ಪ ಹೊತ್ತು ಓಡಿಸಿ ಆರಿಸ್ರಿ. ಆಯಿಲ್ ಬೆಚ್ಚಗಿದ್ದರೆ ಪೂರಾ ಇಳಿಯುತ್ತದೆ, ಸುಡುವಷ್ಟು ಇರಬಾರದು. ಮೇಲಿನ ಕ್ಯಾಪ್ ತೆಗೆದು, ಕೆಳಗೆ ಪಾತ್ರೆ ಇಟ್ಟು, ಚೇಂಬರ್ ಬೋಲ್ಟ್ ಬಿಚ್ಚಿ ಒಂದಿಪ್ಪತ್ತು ನಿಮಿಷ ಬಿಡ್ರಿ. ಬೋಲ್ಟಿಗೆ ಹೊಸ ವಾಷರ್. ಫಿಲ್ಟರ್ ಡಬ್ಬಿ ತರದ್ದಾದರೆ ಹೊಸದರ ರಬ್ಬರಿಗೆ ಹೊಸ ಆಯಿಲ್ ಸವರಿ ಕೈಯಿಂದಲೇ ಬಿಗಿ ಮಾಡ್ರಿ. ಕಾಗದದ ತರದ್ದಾದರೆ ಮುಚ್ಚಳದ ರಬ್ಬರ್ ರಿಂಗ್ ಬದಲಿಸ್ರಿ. ಹಳೇ ರಬ್ಬರ್ ಅಲ್ಲೇ ಅಂಟಿಕೊಂಡಿದೆಯಾ ಅಂತ ಬೆರಳಾಡಿಸಿ ನೋಡ್ರಿ. ಎರಡು ರಬ್ಬರ್ ಕೂತರೆ ಆಯಿಲ್ ಸೋರತದ.

ಹೊಸ ಆಯಿಲ್ ಅಳತೆಗಿಂತ ಸ್ವಲ್ಪ ಕಡಿಮೆ ಹಾಕಿ, ಇಂಜಿನ್ ಚಾಲೂ ಮಾಡಿ, ಆಯಿಲ್ ದೀಪ ಆರಿತಾ ನೋಡಿ, ಬಂದ್ ಮಾಡಿ, ಹತ್ತು ನಿಮಿಷ ಬಿಟ್ಟು ಗೇಜ್ ನೋಡ್ರಿ. ಎರಡು ಗುರುತಿನ ನಡುವೆ ಇರಬೇಕು. ಮೇಲಿನ ಗುರುತು ದಾಟಬಾರದು. ಹೆಚ್ಚಾದ ಆಯಿಲನ್ನೇ ಇಂಜಿನ್ ಉರುವಲು ಮಾಡಿಕೊಂಡು, ಕೀಲಿ ತಿರುವಿದರೂ ನಿಲ್ಲದೆ ಓಡಿ ಸುಟ್ಟು ಹೋಗುವ ಅಪಾಯ ಡೀಸೆಲ್‌ಗೆ ಇದೆ. ಆಮೇಲೆ ಬುಡಕ ಎಲ್ಲೂ ಸೋರಿಲ್ಲ ಅಂತ ನೋಡಿದರೆ ಕೆಲಸ ಮುಗೀತು.

ಮುಗೀಲಿಲ್ಲ. ಪಾತ್ರೆಯಲ್ಲಿ ಸುಟ್ಟ ಆಯಿಲ್ ಉಳಿದಿದೆ. ಅದನ್ನು ಎಲ್ಲಿ ಚೆಲ್ಲತೀರಿ?

ಗಟಾರಕ್ಕಾ? ಆ ಗಟಾರ ಬಳಿಯಲು ಇಳಿಯುವುದು ಯಾರು? ನಮ್ಮ ಓಣಿಯ ಅಣ್ಣ, ನಮ್ಮ ಓಣಿಯ ಅಕ್ಕ. ಸುಟ್ಟ ಆಯಿಲಿನಲ್ಲಿ ಲೋಹದ ಪುಡಿ, ವಿಷ ಇರುತ್ತದೆ. ವರ್ಷಗಟ್ಟಲೆ ಚರ್ಮಕ್ಕೆ ತಾಗಿದರೆ ಕ್ಯಾನ್ಸರ್ ಅಪಾಯ ಇದೆ. ಮಲ ಹೊರುವ ಪದ್ಧತಿ ನಿಷೇಧಕ್ಕೆ 2013ರ ಕಾನೂನು ಬಂತು. ಮ್ಯಾನ್‌ಹೋಲಿನಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂತ 2014ರಲ್ಲಿ, 30 ಲಕ್ಷ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟಾದ ಮೇಲೂ ನಾವೇ ಡಬ್ಬಿ ತಂದು ಗಟಾರಕ್ಕೆ ಸುರಿದರೆ, ನಾವು ಬೈಯುವ ಮೇಲಿನ ಓಣಿಯವರಿಗೂ ನಮಗೂ ಏನು ಫರಕು? ನನ್ನ ಗಾಡಿಯ ಹೊಲಸು ನನ್ನ ಜವಾಬ್ದಾರಿ. ಹೊಲಸನ್ನು ಕೆಳಗಿನವನ ಕಡೆಗೆ ಹರಿಯಬಿಡುವುದೇ ಜಾತಿಯ ಮೂಲ ವಿದ್ಯೆ.

ಅದಕ್ಕೇ ಕೈಗೆ ಗ್ಲೌಸು ಹಾಕ್ರಿ. ಸುಟ್ಟ ಆಯಿಲನ್ನು ಖಾಲಿಯಾದ ಹೊಸ ಆಯಿಲಿನ ಡಬ್ಬಿಗೇ ತುಂಬಿ, ಹಳೇ ಫಿಲ್ಟರನ್ನೂ ಬಸಿದು, ಗ್ಯಾರೇಜಿನ ಡ್ರಮ್ಮಿಗೆ ಕೊಡ್ರಿ. ಅಲ್ಲಿಂದ ಅದು ನೋಂದಾಯಿತ ರೀಸೈಕ್ಲಿಂಗ್‌ನವರಿಗೆ ಹೋಗಬೇಕು, 2016ರ ಅಪಾಯಕಾರಿ ತ್ಯಾಜ್ಯದ ನಿಯಮ ಅದನ್ನೇ ಹೇಳುತ್ತದೆ. ಹೋಗುತ್ತದೋ ಇಲ್ಲವೋ ಅಂತ ಪುರಸಭೆಯನ್ನು ಕೇಳುವುದು ನಮ್ಮ ಸಂಘಟನೆಗಳ ಕೆಲಸ. ಒಂದು ಅರ್ಜಿ ಬರೆಯಲು ಎಷ್ಟು ಹೊತ್ತು ಬೇಕು?

ಕೊನೆಗೆ ಪ್ರಗತಿಪರ ಗೆಳೆಯರಿಗೆ. ಗ್ಯಾರೇಜಿನ ಹುಡುಗರ ಹೊಟ್ಟೆ ಮೇಲೆ ನಾನು ಹೊಡೀತಿಲ್ಲ. ಕ್ಲಚ್, ಬ್ರೇಕ್, ಟೈಮಿಂಗ್ ಕೆಲಸಕ್ಕೆ ಅವರೇ ಬೇಕು, ಅವರ ಹತ್ತಿರವೇ ಹೋಗ್ತೀನಿ, ಕೇಳಿದಷ್ಟು ಕೊಡ್ತೀನಿ. ಬುಡಕ ಮಲಗಿದವನಿಗೇ ಗೊತ್ತು, ಮೇ ತಿಂಗಳ ಇಂಡಿ ಬಿಸಿಲಿನಲ್ಲಿ ಆ ಬೋಲ್ಟ್ ಬಿಚ್ಚುವುದು ಏನಂತ. ಆಮೇಲೆ "ಏ ಹುಡುಗಾ" ಅಂತ ಕರೆಯಲು ನಾಲಿಗೆ ಏಳುವುದಿಲ್ಲ. ನಿಮಗೆ ಅವರ ಬಗ್ಗೆ ಅಷ್ಟು ಕಾಳಜಿ ಇದ್ದರೆ, 14 ತುಂಬದ ಮಕ್ಕಳು ಗ್ಯಾರೇಜಿನಲ್ಲಿ ಪಾನಾ ಹಿಡಿದದ್ದು ಕಂಡಾಗ ದೂರು ಕೊಡ್ರಿ. ಅದು ಅಪರಾಧ. ಆ ಮಗು ಶಾಲೆಯಲ್ಲಿರಬೇಕು. ಪಾನಾ ಹಿಡಿಯಬೇಕಾದ್ದು ನೀವು.

ಈಗ ಬೇಡಿಕೆ, ಸರಕಾರಕ್ಕಲ್ಲ, ನಮಗೇ. ಏಪ್ರಿಲ್ 14 ಬಂದರೆ ಡಿಜೆಗೆ ಪಟ್ಟಿ ಎತ್ತುತ್ತೇವೆ. ಆ ಪಟ್ಟಿಯ ಒಂದು ಪಾಲಿನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ಕಡೆ ಒಂದೊಂದು ಪಾನಾ ಸೆಟ್, ಎರಡೆರಡು ಜೊತೆ ಸ್ಟ್ಯಾಂಡ್, ಒಂದು ದೊಡ್ಡ ಪಾತ್ರೆ, ಒಂದು ಡ್ರಮ್ ತರೋಣ. ಯಾವ ಗಾಡಿಯ ಪುಸ್ತಕ ಇಂಗ್ಲಿಷಿನಲ್ಲಿದೆಯೋ ಅದರ ಬೇಕಾದ ನಾಲ್ಕು ಪುಟ ನಾನು ಕನ್ನಡಕ್ಕೆ ಬರೆದು ಕೊಡ್ತೀನಿ. ಐ.ಟಿ.ಐ. ಓದಿದ ನಮ್ಮ ಹುಡುಗರು ಕಲಿಸಲಿ, ಅವರಿಗೆ ದಿನದ ಪಗಾರ ಕೊಡೋಣ, ಬಿಟ್ಟಿ ಬ್ಯಾಡ. ಹಾಸ್ಟೆಲಿನ ಹೆಣ್ಣುಮಕ್ಕಳನ್ನೂ ಕರೀರಿ. ಅವರ ಕೈಗೆ ಪಾನಾ ಕೊಡದೆ ನಾವು ಗಂಡಸರೇ ಹಿಡಕೊಂಡು ಕುಂತರೆ ಅದು ಇನ್ನೊಂದು ಗೋಡೆ.

ಅಕ್ಷರ ಹೋರಾಡಿ ತಗೊಂಡಿವಿ. ಪಾನಾನೂ ತಗೋಬೇಕು. ನಿಮ್ಮ ಊರಿನಲ್ಲಿ ಯಾರು ಜವಾಬ್ದಾರಿ ತಗೋತೀರಿ, ಹೆಸರು ಹೇಳ್ರಿ.

ಜೈ ಭೀಮ್.