ಬ್ಯಾಟಿನ ತಪ್ಪಲ್ಲ ಗುರೂ, ಬಾಲ್ ನೋಡಿ

ಸ್ಕೋರು 21-14. ಯಾವ ಆಟ ಹೇಳಿ? ಕಬಡ್ಡಿ ಅಂದ್ರೆ ನಂಬಬಹುದು. ಆದರೆ ಇದು 1998ರಲ್ಲಿ ಅಮೆರಿಕದ ಒಮಾಹಾದಲ್ಲಿ ನಡೆದ ಕಾಲೇಜ್ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ ಫೈನಲ್. ಸದರ್ನ್ ಕ್ಯಾಲಿಫೋರ್ನಿಯಾ ತಂಡ ಅರಿಜೋನಾ ಸ್ಟೇಟ್ ತಂಡವನ್ನು ಸೋಲಿಸಿತು. ಒಂದು ತಂಡ ಐದಾರು ರನ್ ಮಾಡಿದರೆ ಸಾಕು ಅನ್ನುವ ಆಟದಲ್ಲಿ ಇಬ್ಬರೂ ಸೇರಿ 35! ಆಗ ಎಲ್ಲರೂ ಬೆರಳು ತೋರಿಸಿದ್ದು ಬ್ಯಾಟಿನ ಕಡೆಗೆ. ಅದು ಸರಿಯಾಗೇ ಇತ್ತು. ಆದರೆ ಈಗಲೂ ರನ್ ಜಾಸ್ತಿಯಾದ ತಕ್ಷಣ ಬ್ಯಾಟನ್ನೇ ಕಟಕಟೆಗೆ ಎಳೆಯೋದು ಇದೆಯಲ್ಲ, ಅದನ್ನು ನಾನು ಒಪ್ಪಲ್ಲ.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದು 1974ರಲ್ಲಿ ಅಲ್ಯೂಮಿನಿಯಂ ಬ್ಯಾಟಿಗೆ ಒಪ್ಪಿಗೆ ಕೊಟ್ಟಿತು. ಮರದ ಬ್ಯಾಟು ಪದೇ ಪದೇ ಮುರಿಯುತ್ತೆ, ಲೋಹದ್ದು ಬಾಳಿಕೆ ಬರುತ್ತೆ. ಲೆಕ್ಕ ಸರಳ. ಆದರೆ ಟೊಳ್ಳು ಲೋಹದ ಕೊಳವೆಗೆ ಇನ್ನೊಂದು ಗುಣ ಇದೆ. ಮರಕ್ಕೆ ಬಡಿದ ಚೆಂಡು ತಾನೇ ಚಪ್ಪಟೆಯಾಗಿ ತನ್ನ ಶಕ್ತಿಯನ್ನು ಬಿಸಿಯಾಗಿ ಕಳೆದುಕೊಳ್ಳುತ್ತೆ. ಲೋಹದ ಗೋಡೆಯಾದರೆ ಸ್ವಲ್ಪ ಒಳಗೆ ಬಗ್ಗಿ, ಸ್ಪ್ರಿಂಗ್ ಥರ ವಾಪಸ್ ತಳ್ಳುತ್ತೆ. ಟ್ರ್ಯಾಂಪೊಲಿನ್ ಎಫೆಕ್ಟ್ ಅಂತಾರೆ. 1997ರಲ್ಲಿ ಎಲ್‌ಎಸ್‌ಯು ತಂಡ ಒಂದೇ ಸೀಸನ್ನಿನಲ್ಲಿ 188 ಹೋಮ್ ರನ್ ಹೊಡೆಯಿತು.

ನಡುವೆ ಒಂದೆರಡು ನಿಯಮ ಬಂದವು, ಹೋದವು. ನಿಜವಾದ ಬ್ರೇಕ್ ಬಿದ್ದದ್ದು 2011ರಲ್ಲಿ. ಅದರ ಹೆಸರು ಬಿಬಿಕೋರ್. ನಾವು ಫಿಸಿಕ್ಸ್‌ನಲ್ಲಿ ಓದಿದ ಅದೇ ಕೋಎಫಿಷಿಯೆಂಟ್ ಆಫ್ ರೆಸ್ಟಿಟ್ಯೂಷನ್, ಬ್ಯಾಟು-ಬಾಲ್ ಡಿಕ್ಕಿಗೆ ಅನ್ವಯಿಸಿದ್ದು. ಮಿತಿ 0.50, ಅಂದರೆ ಹೆಚ್ಚುಕಮ್ಮಿ ಮರದ ಬ್ಯಾಟಿನಷ್ಟೇ. ಲೋಹ ಇದೆ, ಸ್ಪ್ರಿಂಗ್ ಇಲ್ಲ.

ಆಮೇಲೆ ಏನಾಯ್ತು ನೋಡಿ. ಕೋಚ್‌ಗಳು ಹೆದರಿಬಿಟ್ಟರು. ಬಂಟ್ ಆಡಿಸಿದ್ದೇ ಆಡಿಸಿದ್ದು. ಬ್ಯಾಟನ್ನು ಬೀಸದೆ ಚೆಂಡಿಗೆ ಮೆತ್ತಗೆ ತಾಗಿಸಿ, ತಾನು ಔಟಾದರೂ ಪರವಾಗಿಲ್ಲ, ಓಟಗಾರ ಒಂದು ಬೇಸ್ ಮುಂದೆ ಹೋಗಲಿ ಅನ್ನೋ ತ್ಯಾಗ. ಒಂಬತ್ತು ಇನ್ನಿಂಗ್ಸಿಗೆ ಇರೋದೇ 27 ಔಟು. ಅದರಲ್ಲಿ ಒಂದನ್ನು ದಾನ ಮಾಡಿದರೆ ಸಾಮಾನ್ಯವಾಗಿ ಬರಬೇಕಾದ ರನ್ನಿನ ನಿರೀಕ್ಷೆ ಕಡಿಮೆ ಆಗುತ್ತೆ. ಪ್ರಾಬಬಿಲಿಟಿ ಪಾಸಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ 2013ರಲ್ಲಿ ಯುಸಿಎಲ್‌ಎ ಇದೇ ದಾರಿಯಲ್ಲಿ, ಅದ್ಭುತ ಪಿಚಿಂಗ್ ನೆಚ್ಚಿಕೊಂಡು ಕಪ್ ಗೆದ್ದಿತು. ಒಮಾಹಾದಲ್ಲಿ ಅವರ ಸ್ಕೋರುಗಳು: 2-1, 2-1, 4-1, 3-1, 8-0. ಐದು ಮ್ಯಾಚಿಗೆ ಎದುರಾಳಿಗಳಿಗೆ ಕೊಟ್ಟಿದ್ದು ನಾಲ್ಕೇ ರನ್. ಆ ವರ್ಷ ಇಡೀ ವರ್ಲ್ಡ್ ಸೀರೀಸ್‌ನಲ್ಲಿ ಎಲ್ಲ ತಂಡಗಳೂ ಸೇರಿ ಹೊಡೆದ ಹೋಮ್ ರನ್ ಬರೀ ಮೂರು. (2011ರಲ್ಲೇ ಅಲ್ಲಿ ಹೊಸ ಕ್ರೀಡಾಂಗಣ ಬೇರೆ ಬಂದಿತ್ತು, ಗಾಳಿ ಒಳಮುಖವಾಗಿ ಬೀಸೋ ಜಾಗ. ಅಪವಾದ ಪೂರ್ತಿ ಬ್ಯಾಟಿಗೇ ಯಾಕೆ?)

ನೋಡುವವರಿಗೆ ಬೋರ್ ಹೊಡೀತು. 2015ರಲ್ಲಿ ಬ್ಯಾಟ್ ಮುಟ್ಟದೆ ಬಾಲ್ ಬದಲಿಸಿದರು. ಹೊಲಿಗೆಯ ಎತ್ತರ 0.048 ಇಂಚಿನಿಂದ 0.031 ಇಂಚಿಗೆ ಇಳಿಯಿತು. ಉಬ್ಬು ಕಡಿಮೆ ಅಂದರೆ ಡ್ರ್ಯಾಗ್ ಕಡಿಮೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಒಂದೇ ವೇಗ, ಒಂದೇ ಕೋನದಲ್ಲಿ ಹಾರಿಸಿದ ಹೊಸ ಚೆಂಡು ಸುಮಾರು 20 ಅಡಿ ಹೆಚ್ಚು ದೂರ ಹೋಯಿತು. ಅಷ್ಟು ಸಾಕಿತ್ತು. ಜಿಮ್, ರೇಡಾರ್ ಡೇಟಾ, ಚೆಂಡನ್ನು ಮೇಲಕ್ಕೆ ಎತ್ತುವ ಸ್ವಿಂಗ್ ಎಲ್ಲ ಅದರ ಜೊತೆ ಸೇರಿಕೊಂಡವು. ಸ್ಟ್ರೈಕ್‌ಔಟ್ ಆದ್ರೂ ಆಗ್ಲಿ, ಸಿಕ್ಕಿದ್ರೆ ಗೋಡೆ ದಾಟಲಿ ಅನ್ನೋ ಲೆಕ್ಕಾಚಾರ ಬಂತು. 2023ರ ಫೈನಲ್‌ನ ಎರಡನೇ ಮ್ಯಾಚಿನಲ್ಲಿ ಫ್ಲೋರಿಡಾ 24-4ರಿಂದ ಗೆದ್ದಿತು, ಮರುದಿನ ಎಲ್‌ಎಸ್‌ಯು 18-4ರಿಂದ ತಿರುಗಿಸಿ ಕೊಟ್ಟಿತು. 2024ರ ಚಾಂಪಿಯನ್ ಟೆನೆಸ್ಸಿ ಹೊಡೆದದ್ದು 184 ಹೋಮ್ ರನ್. 1997ರ ದಾಖಲೆಗೆ ನಾಲ್ಕೇ ಕಮ್ಮಿ!

ಬ್ಯಾಟಿನ ಮಿತಿ? 2013ರಲ್ಲೂ 0.50, 2024ರಲ್ಲೂ 0.50.

ಕ್ರಿಕೆಟ್‌ನಲ್ಲೂ 2017ರಲ್ಲಿ ಬ್ಯಾಟಿನ ಎಡ್ಜ್ 40 ಮಿ.ಮೀ. ಮೀರಬಾರದು ಅಂತ ಕಾನೂನು ಬಂತು. ಅದಾದ ಮೇಲೆ ಐಪಿಎಲ್‌ನಲ್ಲಿ ಸಿಕ್ಸರ್ ಕಮ್ಮಿ ಆಯ್ತಾ? ನೀವೇ ಹೇಳಿ.

ಹಾಗಂತ 0.50ರ ಮಿತಿ ವ್ಯರ್ಥ ಅಂತ ನಾನು ಹೇಳ್ತಿಲ್ಲ. ಅದರ ಕೆಲಸವೇ ಬೇರೆ. ಪಿಚರ್ ನಿಲ್ಲೋದು 60 ಅಡಿ 6 ಇಂಚು ದೂರದಲ್ಲಿ. ಎಸೆದ ಮೇಲೆ ಮುಂದೆ ಬಂದಿರೋದ್ರಿಂದ ಇನ್ನೂ ಹತ್ತಿರ, 55 ಅಡಿ ಅಂದುಕೊಳ್ಳಿ. ಗಂಟೆಗೆ 100 ಮೈಲಿ ವೇಗದಲ್ಲಿ ವಾಪಸ್ ಬರುವ ಚೆಂಡಿಗೆ ಬೇಕಾಗೋದು 0.4 ಸೆಕೆಂಡಿಗೂ ಕಮ್ಮಿ. ಅವನ ತಲೆ ಕಾಯೋದು ಬ್ಯಾಟಿನ ಮಿತಿ. ಹೊಲಿಗೆಯ ಎತ್ತರ ಇಷ್ಟು ಹತ್ತಿರದಲ್ಲಿ ಲೆಕ್ಕಕ್ಕೇ ಬರಲ್ಲ, ಅದು ತೀರ್ಮಾನಿಸೋದು ಚೆಂಡು ಎಷ್ಟು ದೂರ ಹೋಗುತ್ತೆ ಅನ್ನೋದನ್ನ. ಒಂದು ನಾಬ್ ಸುರಕ್ಷತೆಯದ್ದು, ಇನ್ನೊಂದು ಸ್ಕೋರ್‌ಬೋರ್ಡಿನದ್ದು. ಎರಡನ್ನೂ ಕಲಸುಮೇಲೋಗರ ಮಾಡಿಕೊಂಡು "ಮರದ ಬ್ಯಾಟೇ ತನ್ನಿ" ಅಂದ್ರೆ, ಬ್ಯಾಟ್ ಮುರಿದಾಗೆಲ್ಲ ಸಣ್ಣ ಕಾಲೇಜುಗಳು ದುಡ್ಡು ಎಲ್ಲಿಂದ ತರಬೇಕು?

ಬ್ಯಾಟಿನ ಒಳಗೋಡೆ ಕೆರೆದು ಮೋಸ ಮಾಡುವವರನ್ನು ಹಿಡಿಯಲು ಕಂಪ್ರೆಶನ್ ಟೆಸ್ಟ್ ಇದೆ, ಅದನ್ನು ಇನ್ನೂ ಬಿಗಿ ಮಾಡಲಿ. ರನ್ ವಿಪರೀತ ಅನ್ನಿಸಿದರೆ ಹೊಲಿಗೆಯನ್ನು ಒಂದು ಸೀಸನ್ 0.040 ಇಂಚಿಗೆ ಏರಿಸಿ ನೋಡಲಿ.