ಹೊಡೆಯುವ ಮೊದಲು ಒಂದು ಫೋಟೋ



ಈ ಸಲದ ಪತ್ರಿಕೆಯಲ್ಲಿ ನನ್ನ ಗೆಳೆಯರು ಹಬ್ಬ, ಊಟ, ಊರಿನ ಪ್ರವಾಸದ ಬಗ್ಗೆ ಚೆನ್ನಾಗಿ ಬರೆದಿರುತ್ತಾರೆ. ನಾನು ಬರೆಯುತ್ತಿರುವುದು ಯಾರಿಗೂ ಇಷ್ಟವಿಲ್ಲದ ಒಂದು ನೊಣದ ಬಗ್ಗೆ. ಇಂಗ್ಲಿಷಿನಲ್ಲಿ ಹಾರ್ಸ್‌ಫ್ಲೈ, ಕನ್ನಡದಲ್ಲಿ ಕುದುರೆನೊಣ. ಬೇಸಿಗೆಯಲ್ಲಿ ನ್ಯೂ ಫಾರೆಸ್ಟ್ ಕಡೆಗೋ, ಹೊಳೆದಂಡೆಗೋ ಪಿಕ್ನಿಕ್ ಹೋದವರಿಗೆ ಇದರ ಪರಿಚಯ ಇದ್ದೇ ಇರುತ್ತೆ. ಕಚ್ಚಿದರೆ ಚುರ್ ಅನ್ನುತ್ತೆ, ಆಮೇಲೆ ಊದಿಕೊಂಡು ತುರಿಸುತ್ತೆ. ಅದಕ್ಕೇ ನಮ್ಮೆಲ್ಲರ ಅಭ್ಯಾಸ ಒಂದೇ: ಕಂಡ ತಕ್ಷಣ ಚಪ್ಪಲಿ ತಗೊಂಡು ಒಂದು ಏಟು.

ನನ್ನ ಅಭಿಪ್ರಾಯ ಬೇರೆ. ಮೈಮೇಲೆ ಕೂತಿದ್ದರೆ ಓಡಿಸಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಿಟಕಿ ಗಾಜಿನ ಮೇಲೋ, ಕಾರಿನ ಮೇಲೋ, ಎಲೆಯ ಮೇಲೋ ಕೂತಿದ್ದರೆ, ಹೊಡೆಯುವ ಮೊದಲು ಹತ್ತಿರದಿಂದ ಒಂದು ಫೋಟೋ ತೆಗೆಯಿರಿ. ಯಾಕೆ ಅಂತ ಹೇಳ್ತೀನಿ.

ಮೊದಲನೇ ಕಾರಣ ಅದರ ಕಣ್ಣು. ದೂರದಿಂದ ನೋಡಿದರೆ ಕುದುರೆನೊಣ ಒಂದು ಬೂದು ಚುಕ್ಕೆ, ಅಷ್ಟೆ. ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಕ್ಲೆಗ್ ಅನ್ನುವ ಚಿಕ್ಕ ಜಾತಿಯ ಕಣ್ಣಲ್ಲಿ ಅಲೆ ಅಲೆಯಾದ ಪಟ್ಟೆಗಳಿವೆ. ಡಿಯರ್‌ಫ್ಲೈ ಕಣ್ಣಲ್ಲಿ ಹೊಳೆಯುವ ಹಸಿರಿನ ಮೇಲೆ ಕಪ್ಪು ಮಚ್ಚೆಗಳಿವೆ. ರೇಷ್ಮೆ ಸೀರೆಯ ಅಂಚನ್ನು ಬಿಸಿಲಿಗೆ ಹಿಡಿದ ಹಾಗೆ ಕಾಣುತ್ತೆ. ಸೋಪಿನ ಗುಳ್ಳೆಯಲ್ಲಿ ಬಣ್ಣ ಬರುವ ಹಾಗೆಯೇ, ಕಣ್ಣಿನ ಹೊರಗಿನ ತೆಳು ಪದರಗಳಲ್ಲಿ ಬೆಳಕು ಆಡುವ ಆಟದಿಂದ ಈ ಬಣ್ಣ ಬರುತ್ತೆ. ನೊಣ ಸತ್ತು ಒಣಗಿದ ಮೇಲೆ ಬಣ್ಣ ಮಾಸಿಹೋಗುತ್ತೆ. ಪಿನ್ ಚುಚ್ಚಿಟ್ಟ ಹಳೆಯ ನೊಣದ ಕಣ್ಣು ಸಾಮಾನ್ಯವಾಗಿ ಬರೀ ಕಂದು. ಅಂದರೆ ಕೊಂದಮೇಲೆ ನಿಧಾನವಾಗಿ ನೋಡೋಣ ಅಂದರೆ ಆಗಲ್ಲ. ಬದುಕಿರುವಾಗ ತೆಗೆದ ಫೋಟೋದಲ್ಲಿ ಮಾತ್ರ ಆ ಕಣ್ಣು ಉಳಿಯುತ್ತೆ. ಅಲುಗಾಡದೆ ಇರಲಿ ಅಂತ ಕೆಲವರು ಹುಳವನ್ನು ಫ್ರಿಜ್‌ನಲ್ಲಿಟ್ಟು ಆಮೇಲೆ ಫೋಟೋ ತೆಗೀತಾರೆ. ಅದೂ ನನಗೆ ಸರಿ ಅನಿಸಲ್ಲ. ಒಂದು ಚಿತ್ರಕ್ಕಾಗಿ ಒಂದು ಜೀವಕ್ಕೆ ಅಷ್ಟು ತೊಂದರೆ ಯಾಕೆ?

ಎರಡನೇ ಕಾರಣ, ಗುರುತು ಹಿಡಿಯುವುದು. ಬ್ರಿಟನ್ನಿನಲ್ಲಿ ಸುಮಾರು 30 ಜಾತಿಯ ಕುದುರೆನೊಣಗಳಿವೆ, ಪ್ರಪಂಚದಲ್ಲಿ 4,000ಕ್ಕೂ ಹೆಚ್ಚು. ಇವುಗಳಲ್ಲಿ ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆ ಬೆಳೆಯಲು ಅದಕ್ಕೆ ರಕ್ತ ಬೇಕು. ಗಂಡು ಹೂವಿನ ಮಕರಂದ ಕುಡಿದುಕೊಂಡು ಇರುತ್ತೆ. ಗಂಡಿನ ಎರಡು ಕಣ್ಣುಗಳು ತಲೆಯ ಮೇಲೆ ಒಂದಕ್ಕೊಂದು ತಾಗಿರುತ್ತವೆ, ಹೆಣ್ಣಿನ ಕಣ್ಣುಗಳ ನಡುವೆ ಸಂದು ಇರುತ್ತೆ. ಒಂದು ಒಳ್ಳೆಯ ಫೋಟೋ ಇದ್ದರೆ ಇಷ್ಟು ಹೇಳಬಹುದು. ಇನ್ನೊಂದು ವಿಷಯ: ನಾವು ಕುದುರೆನೊಣ ಅಂತ ಹೊಡೆಯುವ ಎಷ್ಟೋ ಹುಳಗಳು ಕಚ್ಚುವುದೇ ಇಲ್ಲ. ಜೇನುಹುಳದ ವೇಷ ಹಾಕಿದ ಹೋವರ್‌ಫ್ಲೈಗಳು ಪಾಪ, ಹೂವಿಂದ ಹೂವಿಗೆ ಹೋಗಿ ಪರಾಗ ಹಂಚುವಂಥವು. ಯಾರದೋ ತಪ್ಪಿಗೆ ಇನ್ಯಾರಿಗೋ ಶಿಕ್ಷೆ!

ಮೂರನೇ ಕಾರಣ, ಕ್ಯಾಮೆರಾ ಕಂಡಿದ್ದು ಕಣ್ಣಿಗೆ ಕಾಣಲ್ಲ. ಜೀಬ್ರಾಗೆ ಪಟ್ಟೆ ಯಾಕೆ ಅಂತ ಬ್ರಿಸ್ಟಲ್ ಹತ್ತಿರದ ಒಂದು ಕುದುರೆ ಲಾಯದಲ್ಲಿ ವಿಜ್ಞಾನಿಗಳು ಪರೀಕ್ಷೆ ಮಾಡಿದರು. ಅದು 2019ರಲ್ಲಿ ಪ್ರಕಟವಾಯಿತು. ಕುದುರೆಗಳಿಗೆ ಕಪ್ಪು, ಬಿಳಿ ಮತ್ತು ಪಟ್ಟೆಯ ಕೋಟು ಹಾಕಿ ನೋಡಿದರೆ, ಪಟ್ಟೆ ಕೋಟಿನ ಮೇಲೆ ಕೂತ ನೊಣಗಳು ತುಂಬ ಕಡಿಮೆ. ವಿಡಿಯೋ ನೋಡಿದಾಗ ಕಾರಣದ ಸುಳಿವು ಸಿಕ್ಕಿತು: ಜೀಬ್ರಾ ಹತ್ತಿರ ಬಂದಾಗ ನೊಣಗಳು ಇಳಿಯಲು ವೇಗ ಕಡಿಮೆ ಮಾಡುತ್ತಲೇ ಇರಲಿಲ್ಲ! ಸುಮ್ಮನೆ ಹೊಡೆದು ಹಾಕಿದ್ದರೆ ಇದು ಗೊತ್ತಾಗುತ್ತಿತ್ತಾ?

ಫೋಟೋ ತೆಗೆಯಲು ದೊಡ್ಡ ಕ್ಯಾಮೆರಾ ಬೇಕಿಲ್ಲ. ಫೋನಿಗೆ ಸಿಕ್ಕಿಸುವ ಚಿಕ್ಕ ಮ್ಯಾಕ್ರೋ ಲೆನ್ಸ್ ಸಾಕು. ಇಷ್ಟು ಹತ್ತಿರದಿಂದ ತೆಗೆದಾಗ ಒಂದೆರಡು ಮಿಲಿಮೀಟರ್ ಮಾತ್ರ ಸ್ಪಷ್ಟವಾಗಿ ಬರುತ್ತೆ, ಆದ್ದರಿಂದ ಫೋಕಸ್ ಕಣ್ಣಿನ ಮೇಲಿರಲಿ. ಮೂರು ಫೋಟೋ ತೆಗೆಯಿರಿ. ಮುಂದಿನಿಂದ ಒಂದು, ಕಣ್ಣಿನ ಪಟ್ಟೆಗೆ. ಪಕ್ಕದಿಂದ ಒಂದು, ಕುಡಿಮೀಸೆಯ ಆಕಾರಕ್ಕೆ. ಮೇಲಿನಿಂದ ಒಂದು, ರೆಕ್ಕೆ ಮತ್ತು ಹೊಟ್ಟೆಯ ಗುರುತಿಗೆ. ಮಚ್ಚೆ ಮಚ್ಚೆಯ ರೆಕ್ಕೆಯನ್ನು ಮನೆಯ ಮಾಡಿನ ಹಾಗೆ ಇಳಿಜಾರಾಗಿ ಮಡಚಿದ್ದರೆ ಕ್ಲೆಗ್. ರೆಕ್ಕೆಯಲ್ಲಿ ಕಪ್ಪು ಪಟ್ಟೆ ಇದ್ದರೆ ಡಿಯರ್‌ಫ್ಲೈ. ಎರಡು ಸೆಂಟಿಮೀಟರ್ ಉದ್ದ, ಮಚ್ಚೆಯಿಲ್ಲದ ರೆಕ್ಕೆ ಇದ್ದರೆ ಟಬಾನಸ್ ಗುಂಪಿನದು ಇರಬಹುದು. ತಾರೀಖು, ಜಾಗ ಬರೆದಿಡಿ. ಆ್ಯಪ್ ಒಂದು ಸೆಕೆಂಡಿನಲ್ಲಿ ಹೆಸರು ಹೇಳುತ್ತೆ, ಆದರೆ ಆ ಗುರುತುಗಳು ನಿಮ್ಮ ಫೋಟೋದಲ್ಲಿ ಇವೆಯಾ ಅಂತ ನೀವೇ ನೋಡಿ. ಐನ್ಯಾಚುರಲಿಸ್ಟ್‌ಗೆ ಹಾಕುವುದಾದರೆ ಅಪ್ಪ ಅಮ್ಮನ ಜೊತೆ ಕೂತು ಹಾಕಿ, ಮನೆ ವಿಳಾಸ ಕಾಣಿಸಬಾರದು.

"ಕಚ್ಚೋ ಹುಳದ ಹತ್ತಿರ ಮಕ್ಕಳನ್ನ ಯಾಕೆ ಕಳಿಸಬೇಕು?" ಅಂತ ಅಮ್ಮಂದಿರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಅಲರ್ಜಿ ಇರುವವರು ದೂರವೇ ಇರಲಿ. ಉಳಿದವರಿಗೆ ಕಿಟಕಿಯೇ ಒಳ್ಳೆಯ ಜಾಗ. ಒಳಗೆ ಬಂದ ನೊಣ ಬೆಳಕಿನ ಕಡೆ ಹೋಗಿ ಗಾಜಿನ ಮೇಲೆ ಕೂರುತ್ತೆ. ಫೋಟೋ ತೆಗೆದು ಕಿಟಕಿ ತೆರೆದರೆ ಆಯಿತು. ಹೊರಗಾದರೆ ತುಂಬುತೋಳಿನ ಅಂಗಿ ಹಾಕಿಕೊಳ್ಳಿ.

ಕುದುರೆನೊಣ ಬಹಳ ಸಾಧು ಅಂತ ನಾನು ಹೇಳುತ್ತಿಲ್ಲ. ಊರಲ್ಲಿ ಕೊಟ್ಟಿಗೆಯ ದನಗಳು ಇಡೀ ದಿನ ಬಾಲ ಬೀಸುವುದು ಇಂಥ ನೊಣಗಳ ಕಾಟಕ್ಕೇ. ಭಾರತದಲ್ಲಿ ಕುದುರೆ, ಒಂಟೆ, ದನಗಳಿಗೆ ಬರುವ ಸರ್ರಾ ರೋಗವನ್ನು ಇವು ಹರಡುತ್ತವೆ. ಆ ರೋಗ ತರುವ ಜೀವಿಯನ್ನು 1880ರಲ್ಲಿ ಪಂಜಾಬಿನಲ್ಲಿ ಕಂಡುಹಿಡಿದವರು ವೇಲ್ಸಿನ ಪಶುವೈದ್ಯ ಗ್ರಿಫಿತ್ ಎವಾನ್ಸ್. ಕಾಯಿಲೆ ಬಿದ್ದ ಪ್ರಾಣಿಗಳ ರಕ್ತವನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ದರಿಂದಲೇ ಅದು ಸಿಕ್ಕಿತು. ತೊಂದರೆ ಕೊಡುವುದನ್ನು ಇನ್ನೂ ಹತ್ತಿರದಿಂದ ನೋಡಬೇಕು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ನಮ್ಮ ಮನೆಗಳಲ್ಲಿ ಆರು ಕಾಲು ಇರುವುದಕ್ಕೆಲ್ಲ ಒಂದೇ ಹೆಸರು: "ಛೀ, ಹುಳ!" ಹಾಗೆ ಕೇಳಿಕೊಂಡು ಬೆಳೆದ ಮಗುವಿಗೆ ಹೆದರಿಕೆ ಬರುತ್ತೆ, ಹೆಸರು ಬರಲ್ಲ. ನೊಣ, ಜೇನು, ಕಣಜ, ದುಂಬಿ, ಇಷ್ಟೆಲ್ಲ ಪದಗಳು ಕನ್ನಡದಲ್ಲಿವೆ. ಬೇರೆ ಬೇರೆ ಅಂತ ನೋಡಿದರೆ ತಾನೇ ಬೇರೆ ಬೇರೆ ಹೆಸರು ಬೇಕಾಗೋದು? ನಮ್ಮ ಟೀಚರ್‌ಗಳಿಗೆ ನನ್ನದೊಂದು ಕೋರಿಕೆ. ಮುಂದಿನ ವರ್ಷದ ಪತ್ರಿಕೆಯಲ್ಲಿ ಒಂದು ಪುಟ ಮಕ್ಕಳು ತೆಗೆದ ಹುಳಗಳ ಫೋಟೋಗಳಿಗೆ ಇರಲಿ, ಪ್ರತಿಯೊಂದರ ಕೆಳಗೆ ಕಣ್ಣು, ರೆಕ್ಕೆ, ಕುಡಿಮೀಸೆ ಅಂತ ಕನ್ನಡದಲ್ಲೇ ಬರೆದಿರಲಿ. ಮೊದಲನೇ ಫೋಟೋ ನಾನು ಕೊಡ್ತೀನಿ. ಎರಡನೆಯದು ಯಾರದು?