ವಾಹನದ ಎಣ್ಣೆ: ದಪ್ಪವೋ, ತೆಳುವೋ?

ಮಾಗಿಯ ಕಾಲದಲ್ಲಿ ಕೊಡಗಿನ ಅಡಿಗೆಮನೆಯ ಜೇನಿನ ಶೀಸೆಯನ್ನು ಬಗ್ಗಿಸಿ ನೋಡಿರಿ. ಬೆಳಗಿನ ಚಳಿಯಲ್ಲಿ ಜೇನು ಶೀಸೆಯ ಬಾಯಿಗೆ ಬರಲು ಎಷ್ಟೋ ಹೊತ್ತು ಹಿಡಿಯುತ್ತದೆ. ಅದೇ ಶೀಸೆಯನ್ನು ಒಲೆಯ ಬಳಿ ತುಸುಹೊತ್ತು ಇರಿಸಿದರೆ ನೀರಿನಂತೆ ಸುರಿಯುತ್ತದೆ. ದ್ರವದ ಈ ಗುಣಕ್ಕೆ ಸ್ನಿಗ್ಧತೆ ಎಂದು ಹೆಸರು. ನಮ್ಮ ಮನೆಯ ಕಾರಿನ ಎಂಜಿನ್ನಿನೊಳಗಿನ ಎಣ್ಣೆಯೂ ಈ ನಿಯಮಕ್ಕೆ ಹೊರತಲ್ಲ.

ಇದನ್ನರಿಯದೆ ನಾನು ಮಾಡಿದ ತಪ್ಪೊಂದನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ. ಸೋಮವಾರಪೇಟೆಯ ಸಮೀಪದ ನಮ್ಮ ತೋಟದಲ್ಲಿ ಹಳೆಯ ಜೀಪೊಂದಿತ್ತು. ಅದಕ್ಕೆ ಯಾವಾಗಲೂ ದಪ್ಪ ಎಣ್ಣೆಯನ್ನೇ ಹಾಕುತ್ತಿದ್ದೆವು. ಬಳಿಕ ಹೊಸ ಪೆಟ್ರೋಲ್ ಕಾರು ಬಂದಾಗ, ಎಣ್ಣೆ ದಪ್ಪವಾದಷ್ಟೂ ಎಂಜಿನ್ನಿಗೆ ರಕ್ಷಣೆ ಹೆಚ್ಚೆಂದು ನಂಬಿ, ಮೆಕ್ಯಾನಿಕ್ ಬೇಡವೆಂದರೂ ಕೇಳದೆ 20ಡಬ್ಲ್ಯೂ-50 ಹಾಕಿಸಿದೆ. ಕೈಪಿಡಿಯಲ್ಲಿ 0ಡಬ್ಲ್ಯೂ-20 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ನಾನು ಅದನ್ನು ತೆರೆದೇ ಇರಲಿಲ್ಲ. ಕೆಲವು ದಿನಗಳಲ್ಲಿ ಬೆಳಗಿನ ಹೊತ್ತು ಟಕಟಕ ಸದ್ದು ಕೇಳತೊಡಗಿತು, ಪೆಟ್ರೋಲಿನ ಖರ್ಚೂ ಏರಿತು. ಡಿಸೆಂಬರಿನ ಒಂದು ಮುಂಜಾನೆ ತಾಯಿಯವರನ್ನು ಚಿಕಿತ್ಸೆಗಾಗಿ ಮಂಗಳೂರಿಗೆ ಕರೆದೊಯ್ಯುತ್ತಿದ್ದಾಗ, ಮಾದಾಪುರ ತಲುಪುವ ಮೊದಲೇ ಎಚ್ಚರಿಕೆಯ ದೀಪ ಹೊತ್ತಿಕೊಂಡು ಗಾಡಿ ಎಳೆತ ಕಳೆದುಕೊಂಡಿತು. ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಕುಳಿತಿದ್ದ ಅವರು ಒಂದು ಮಾತನ್ನೂ ಆಡಲಿಲ್ಲ. ಆ ದಿನ ವೈದ್ಯರ ಭೇಟಿ ತಪ್ಪಿತು.

ಕಾರಣ ತಿಳಿದದ್ದು ಆಮೇಲೆ. ಇಂದಿನ ಅನೇಕ ಎಂಜಿನ್ನುಗಳಲ್ಲಿ ಕವಾಟಗಳು ತೆರೆಯುವ ಹೊತ್ತನ್ನು ಹಿಂದುಮುಂದು ಮಾಡುವ ಭಾಗವು ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಅದರ ದಾರಿಗಳು ಬಹು ಕಿರಿದು. ಚಳಿಗೆ ಮಂದವಾದ ದಪ್ಪ ಎಣ್ಣೆ ಅಲ್ಲಿಗೆ ಹೊತ್ತಿಗೆ ಸರಿಯಾಗಿ ತಲುಪಿರಲಿಲ್ಲ.

ಡಬ್ಬಿಯ ಮೇಲಿನ ಅಂಕಿಗಳ ಅರ್ಥವನ್ನು ಪ್ರತಿಯೊಬ್ಬ ವಾಹನದ ಯಜಮಾನರೂ ತಿಳಿದಿರಬೇಕು. ಅಮೆರಿಕದ ಎಸ್.ಎ.ಇ. ಎಂಬ ಎಂಜಿನಿಯರುಗಳ ಸಂಘವು 1911ರಲ್ಲಿ ಈ ವರ್ಗೀಕರಣವನ್ನು ಆರಂಭಿಸಿತು. ‘ಡಬ್ಲ್ಯೂ’ ಎಂದರೆ ವಿಂಟರ್, ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ಎಣ್ಣೆ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ಮುಂದಿನ ಅಂಕಿ ಬಿಸಿಯಾದಾಗಿನ ದಪ್ಪವನ್ನು ಹೇಳುತ್ತದೆ. 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅಳೆದಾಗ 20ರ ವರ್ಗದ ಎಣ್ಣೆ 6.9ರಿಂದ 9.3 ಸೆಂಟಿಸ್ಟೋಕ್, 30ರದು 9.3ರಿಂದ 12.5, 40ರದು 12.5ರಿಂದ 16.3 ಸೆಂಟಿಸ್ಟೋಕ್ ಇರುತ್ತದೆ. ಈ ಅಂಕಿಗಳು ಎಣ್ಣೆಯ ಗುಣಮಟ್ಟಕ್ಕೆ ಕೊಟ್ಟ ಅಂಕಗಳಲ್ಲ. ದೊಡ್ಡ ಅಂಕಿಯಿದ್ದರೆ ಉತ್ತಮ ಎಣ್ಣೆಯೆಂದು ಭಾವಿಸಬಾರದು.

ನಮ್ಮ ಜಿಲ್ಲೆಯ ಚಳಿ ಎಂಜಿನ್ನನ್ನು ಹೆಪ್ಪುಗಟ್ಟಿಸುವಂಥದಲ್ಲ. 20ಡಬ್ಲ್ಯೂ ಎಣ್ಣೆಯ ಪರೀಕ್ಷೆಯೂ ಸೊನ್ನೆಗಿಂತ 15 ಡಿಗ್ರಿ ಕೆಳಗೆ ನಡೆಯುತ್ತದೆ; 0ಡಬ್ಲ್ಯೂ ಪರೀಕ್ಷೆಯಾದರೋ 35 ಡಿಗ್ರಿ ಕೆಳಗೆ. ಆದ್ದರಿಂದ ಗಾಡಿ ಹೊರಡದೆಂಬ ಭಯವಿಲ್ಲ. ಪ್ರಶ್ನೆಯಿರುವುದು ಹೊರಟ ಮೊದಲ ಕ್ಷಣಗಳದು. ರಾತ್ರಿಯೆಲ್ಲ ಎಣ್ಣೆ ತಳಕ್ಕೆ ಇಳಿದಿರುತ್ತದೆ. ಅದು ಮೇಲಿನ ಕವಾಟಗಳವರೆಗೆ ಏರುವ ತನಕ ಸವೆತ ಹೆಚ್ಚು.

ಹಾಗೆಂದು ತೆಳು ಎಣ್ಣೆಯೇ ಎಲ್ಲರಿಗೂ ಶ್ರೇಷ್ಠವೆಂದೂ ಅಲ್ಲ. ತಿರುಗುವ ಕ್ರ್ಯಾಂಕ್ ಶಾಫ್ಟಿಗೂ ಅದರ ಬೇರಿಂಗಿಗೂ ನಡುವೆ ಎಣ್ಣೆಯ ಒಂದು ಪೊರೆ ನಿಲ್ಲಬೇಕು. ಸಂಪಾಜೆ ಘಾಟಿಯನ್ನೋ ಮಾಕುಟ್ಟದ ಏರನ್ನೋ ತುಂಬಿದ ಗಾಡಿ ಹತ್ತುವಾಗ ಎಣ್ಣೆ ಕಾಯುತ್ತದೆ, ತೆಳುವಾಗುತ್ತದೆ. ಹಳೆಯ ವಿನ್ಯಾಸದ ಎಂಜಿನ್ನುಗಳಲ್ಲಿ ಭಾಗಗಳ ನಡುವಿನ ಸಂದು ದೊಡ್ಡದು. ಅವನ್ನು 20ಡಬ್ಲ್ಯೂ-40ರಂಥ ಎಣ್ಣೆಗೆಂದೇ ರೂಪಿಸಲಾಗಿತ್ತು. ಅಂಥ ಜೀಪಿಗೆ 0ಡಬ್ಲ್ಯೂ-20 ಹಾಕಿದರೆ ಪೊರೆ ನಿಲ್ಲದೆ ಒತ್ತಡ ಕುಸಿಯಬಹುದು. ಜೀಪಿಗೆ ಹಿತವಾದದ್ದು ಕಾರಿಗೆ ಅಹಿತವಾದಂತೆ, ಕಾರಿಗೆ ಹಿತವಾದದ್ದು ಜೀಪಿಗೂ ಅಹಿತವೇ.

ಆದ್ದರಿಂದ ಕುಟುಂಬಸ್ಥರು ಗಮನಿಸಬೇಕಾದ ಸಂಗತಿಗಳು ಇವು. ಮೊದಲನೆಯದಾಗಿ, ಕೈಪಿಡಿಯಲ್ಲಿ ಸೂಚಿಸಿದ ವರ್ಗದ ಎಣ್ಣೆಯನ್ನೇ ಹಾಕಿಸಿರಿ. ಎರಡು ಮೂರು ವರ್ಗಗಳಿಗೆ ಒಪ್ಪಿಗೆಯಿದ್ದು, ಗಾಡಿ ಹಳತಾಗಿ ಎಣ್ಣೆ ಸುಡುತ್ತಿದ್ದರೆ, ಆ ಪಟ್ಟಿಯೊಳಗೇ ಒಂದು ಮೆಟ್ಟಿಲು ದಪ್ಪದ್ದನ್ನು ಆರಿಸಬಹುದು. ಪಟ್ಟಿಯ ಹೊರಗೆ ಹೋಗಬಾರದು. ಎರಡನೆಯದಾಗಿ, ದಪ್ಪದ ಜೊತೆಗೆ ಎ.ಪಿ.ಐ. ಗುರುತನ್ನೂ ನೋಡಿರಿ. ‘ಎಸ್’ನಿಂದ ಆರಂಭವಾದದ್ದು ಪೆಟ್ರೋಲ್ ಎಂಜಿನ್ನಿಗೆ, ‘ಸಿ’ಯಿಂದ ಆರಂಭವಾದದ್ದು ಡೀಸೆಲ್‌ಗೆ. 2020ರ ಏಪ್ರಿಲ್‌ನಿಂದ ಜಾರಿಯಾದ ಬಿ.ಎಸ್. 6 ನಿಯಮದಂತೆ ಹೊಗೆಯ ಮಸಿಯನ್ನು ಹಿಡಿಯುವ ಜಾಲರಿಯುಳ್ಳ ಡೀಸೆಲ್ ಕಾರುಗಳಿಗೆ ಕಡಿಮೆ ಬೂದಿಯ ಎಣ್ಣೆಯೇ ಬೇಕು. ಮೂರನೆಯದಾಗಿ, ತೋಟದಿಂದ ಪೇಟೆಗೆ ನಾಲ್ಕಾರು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಎಂಜಿನ್ ಪೂರ್ಣ ಕಾಯುವುದೇ ಇಲ್ಲ. ಸುಡದೆ ಉಳಿದ ಇಂಧನವೂ ತೇವವೂ ಎಣ್ಣೆಗೆ ಸೇರಿ ಅದನ್ನು ಕೆಡಿಸುತ್ತವೆ. ಮಳೆಗಾಲದಲ್ಲಿ ಎಣ್ಣೆಯ ಮುಚ್ಚಳದ ಒಳಗೆ ಕೆನೆಯಂಥ ನೊರೆ ಕಂಡರೆ ಅದು ಹೆಚ್ಚಾಗಿ ಈ ತೇವದ ಗುರುತು. ಇಂಥ ಓಡಾಟದವರು ಕಿಲೋಮೀಟರನ್ನಷ್ಟೇ ಎಣಿಸದೆ ತಿಂಗಳ ಅವಧಿಯನ್ನೂ ನೋಡಿ ಎಣ್ಣೆ ಬದಲಾಯಿಸಬೇಕು. ಡಿಪ್‌ಸ್ಟಿಕ್ಕನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿಯೇ ನೋಡಬೇಕೆಂಬುದನ್ನು ನಮ್ಮಂಥ ಇಳಿಜಾರಿನ ಅಂಗಳದವರು ಮರೆಯಬಾರದು.

ನಮ್ಮ ಕಾರಿನ ಎಣ್ಣೆ ಬದಲಾಯಿಸಿ, ಆ ಭಾಗವನ್ನು ಶುಚಿಗೊಳಿಸಿದ ಮೇಲೆ ಸದ್ದು ನಿಂತಿತು. ಮರುವಾರ ತಾಯಿಯವರನ್ನು ಅದರಲ್ಲಿಯೇ ಮಂಗಳೂರಿಗೆ ಕರೆದೊಯ್ದೆ. ಹೊರಡುವ ಮುನ್ನ ಅವರು ಕೇಳಿದ್ದು ಒಂದೇ ಮಾತು: “ಆ ಪುಸ್ತಕ ಓದಿದೆಯೇನಪ್ಪಾ?” ಅಂದಿನಿಂದ ಕೈಪಿಡಿ ನಮ್ಮ ಕಾರಿನಲ್ಲಿ ಕೈಗೆಟಕುವ ಜಾಗದಲ್ಲಿಯೇ ಇದೆ.